ಶುಭಂ ಆದ ಮೇಲಿನ ಮೂರು ಡಬ್ಬ

ಹಪ್ಪಳದ ಡಬ್ಬದ ಮುಚ್ಚಳ ತೆಗೆಯಲು ಈಗೀಗ ನನಗೆ ಎರಡು ಕೈ ಸಾಲುವುದಿಲ್ಲ, ಒಂದು ಚಮಚವೂ ಬೇಕು. ಚಮಚದ ಹಿಡಿಯಿಂದ ಅಂಚನ್ನು ಸುತ್ತಲೂ ಮೀಟುತ್ತ ಬಂದರೆ ಎಲ್ಲೋ ಒಂದು ಕಡೆ ಅದು ಮನಸ್ಸು ಮಾಡಿ ಬಿಟ್ಟುಕೊಡುತ್ತದೆ. ಆಗ ಹಲಸಿನ ಹಪ್ಪಳದ ವಾಸನೆಗಿಂತ ಮೊದಲು ತುಕ್ಕಿನ ವಾಸನೆ ಬರುತ್ತದೆ. ಅಗಲವಾದ, ಚಪ್ಪಟೆಯಾದ ತಗಡಿನ ಡಬ್ಬ. ನಾಲ್ಕು ಕಟ್ಟು ಹಪ್ಪಳ ಪಕ್ಕಪಕ್ಕದಲ್ಲಿ ಆರಾಮವಾಗಿ ಕೂರುತ್ತವೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಯಾರೋ ಬರೆದ ಒಂದು ಕನ್ನಡ ಅಂಕಿ ಇದೆ. ಮನೆಗೆ ಬಂದವರು ಅದನ್ನು ನೋಡಿ, "ಇದು ಆರೋ ಒಂಬತ್ತೋ?" ಎಂದು ಕೇಳುತ್ತಾರೆ. ಗೊತ್ತಿಲ್ಲ ಎಂದು ಹೇಳಿ ನಾನು ಹಪ್ಪಳ ಕರಿಯಲು ಹೋಗುತ್ತೇನೆ. ಗೊತ್ತಿದೆ. ಹೇಳಲು ಹೊರಟರೆ ಕಥೆ ಉದ್ದ, ನನಗೋ ಈಚೆಗೆ ಉದ್ದದ್ದು ಏನನ್ನು ಕಂಡರೂ ಸುಸ್ತು.

ಸುಸ್ತು ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೊಪ್ಪದಿಂದ ನರಸಿಂಹರಾಜಪುರಕ್ಕೆ ಬೆಳಿಗ್ಗೆ ಬಸ್ಸು, ಸಂಜೆ ವಾಪಸ್ಸು. ಮಧ್ಯೆ ಅಲ್ಲಿನ ಕಾಲೇಜಿನಲ್ಲಿ ಕನ್ನಡ ಪಾಠ. ಪಾಠಕ್ಕಿಂತ ಹಾಜರಿಯನ್ನು ಫೋನಿಗೆ ತುಂಬುವ ಕೆಲಸವೇ ದೊಡ್ಡದು, ಅದಕ್ಕೆ ನೆಟ್‌ವರ್ಕ್ ಹುಡುಕುತ್ತ ಮೆಟ್ಟಿಲ ಮೇಲೆ ನಿಲ್ಲುವುದು ಇನ್ನೂ ದೊಡ್ಡದು. ಇಷ್ಟು ಸಾಲದೆಂದು ಕೊಪ್ಪದಲ್ಲಿ ನಾವು ಏಳೆಂಟು ಜನ ಸೇರಿ ಎರಡನೇ ಶನಿವಾರದ ಸಿನಿಮಾ ಬಳಗವೊಂದನ್ನು ಕಟ್ಟಿಕೊಂಡಿದ್ದೇವೆ. ಒಳ್ಳೆಯ ಸಿನಿಮಾ ಮಾತ್ರ ತೋರಿಸುವ ಬಳಗ. ಒಳ್ಳೆಯದು ಎಂದರೆ ಯಾರೂ ಬೇಗ ಮಾತಾಡಬಾರದು, ಮಾತಾಡಿದರೂ ಮುಖ ನೋಡಿ ಮಾತಾಡಬಾರದು. ಮುಗಿದ ಮೇಲೆ ನಾನು ಎದ್ದು ನಿಂತು, "ಇಲ್ಲಿ ಮೌನವೇ ಮಾತಾಗಿದೆ" ಎನ್ನುತ್ತೇನೆ. ನಿದ್ದೆಯಿಂದ ಎದ್ದವರು ತಲೆದೂಗುತ್ತಾರೆ. ಒಂದು ಸ್ಮರಣ ಸಂಚಿಕೆಗೆ 'ನನ್ನನ್ನು ಬದಲಿಸಿದ ಚಿತ್ರ' ಎಂದು ಬರೆದುಕೊಡಿ ಎಂದಾಗ ನಾನು ಪರದೇಶದ ಕಪ್ಪು ಬಿಳುಪು ಚಿತ್ರವೊಂದರ ಬಗ್ಗೆ ಮೂರು ಪುಟ ಬರೆದುಕೊಟ್ಟೆ. ಅದನ್ನು ನಾನು ಇವತ್ತಿನವರೆಗೂ ಕೊನೆತನಕ ನೋಡಿಲ್ಲ.

ನಿಜವಾಗಿ ನಾನು ಕೊನೆತನಕ ನೋಡಿದ, ಮನಸ್ಸಿನಲ್ಲೇ ನೂರು ಸಲ ತಿರುಗಿ ನೋಡಿದ ಸಿನಿಮಾದ ಹೆಸರು ಇಲ್ಲಿ ಹೇಳುವುದಿಲ್ಲ. ಬಳಗದವರು ಇದನ್ನು ಓದುವ ಸಾಧ್ಯತೆ ಇದೆ. ಅದರ ನಾಯಕನ ವಿಗ್ಗು ಹೊರಾಂಗಣದಲ್ಲಿ ಕಂದು, ಒಳಾಂಗಣದಲ್ಲಿ ಕಪ್ಪು. ಖಳನಾಯಕ ಮನೆಯೊಳಗೇ ಒಂದು ಮೊಸಳೆ ಸಾಕಿದ್ದ. ಅದರ ಹೊಟ್ಟೆಯ ಹೊಲಿಗೆ ಹಿಂದಿನ ಬೆಂಚಿಗೂ ಕಾಣುತ್ತಿತ್ತು. ಕಾಗದ ತಲುಪಿಸುವ ನಾಯಿಯೊಂದಿತ್ತು, ಇದ್ದವರಲ್ಲಿ ಚೆನ್ನಾಗಿ ಅಭಿನಯಿಸಿದ್ದು ಅದೇ. ಆ ಸಿನಿಮಾ ಬೇರೆ ಊರುಗಳಲ್ಲಿ ಮೂರು ದಿನವೂ ಓಡಲಿಲ್ಲವಂತೆ. ಕೊಪ್ಪದಲ್ಲಿ ಮೂರು ವಾರ ಓಡಿತು.

ಅದನ್ನು ನನಗೆ ತೋರಿಸಿದ್ದು ಜಲಜಕ್ಕ, ನನಗಿಂತ ಹತ್ತು ವರ್ಷ ದೊಡ್ಡ ಅಕ್ಕ. ತೋರಿಸಿದಳು ಎನ್ನುವುದಕ್ಕಿಂತ ನಾನೇ ಅವಳನ್ನು ಎಳೆದುಕೊಂಡು ಹೋಗಿದ್ದು ಎನ್ನಬೇಕು. ನಾನು ಆಗ ಮೊದಲ ಪಿಯುಸಿ. ಅವಳು ನೆಮ್ಮಾರಿನ ಗಂಡನ ಮನೆಯಿಂದ ಒಂದು ಚೀಲ ಹಿಡಿದು ಕೊಪ್ಪಕ್ಕೆ ಬಂದು ಮೂರು ತಿಂಗಳಾಗಿತ್ತು. ಹೊಡೆತ ಬಡಿತ ಏನೂ ಅಲ್ಲ. ಊಟದ ಹೊತ್ತಿಗೆ ಅತ್ತೆ ಏನೋ ಮಾತಿಗೆ, "ಅಷ್ಟು ಕಷ್ಟ ಆದ್ರೆ ತವರಿಗೆ ಹೋಗು" ಎಂದರಂತೆ. ಭಾವ ಎದುರಿಗೇ ಊಟಕ್ಕೆ ಕೂತಿದ್ದರು. ತಲೆ ಎತ್ತದೆ ಮಜ್ಜಿಗೆ ಅನ್ನ ಕಲಸುತ್ತಲೇ ಇದ್ದರು.

"ಬೇಡ ಅನ್ಲಿಲ್ಲ, ಹೋಗು ಅಂತಾನೂ ಅನ್ಲಿಲ್ಲ ಮಾರಾಯ್ತಿ. ಅನ್ನ ಕಲಸ್ತಾ ಇದ್ರು" ಎಂದು ಅಕ್ಕ ಬಂದ ದಿನ ಹೇಳಿದ್ದಳು. ಆ ಮೂರು ತಿಂಗಳಲ್ಲಿ ಅದನ್ನು ಬಹಳ ಸಲ ಹೇಳಿದಳು.

ನಮ್ಮ ಕಡೆಯವರು ಅವರೇ ಬಂದು ಕರೆದುಕೊಂಡು ಹೋಗಲಿ ಎಂದು ಕಾಯುತ್ತಿದ್ದರು. ಅವರ ಕಡೆಯವರು ಹೋದವಳೇ ಬರಲಿ ಎಂದು ಕಾಯುತ್ತಿದ್ದರು. ನೆಮ್ಮಾರಿಗೂ ಕೊಪ್ಪಕ್ಕೂ ಶೃಂಗೇರಿಯಲ್ಲಿ ಒಂದು ಬಸ್ಸು ಬದಲಿಸಿದರೆ ಮುಗಿಯಿತು. ಆದರೂ ಯಾರೂ ಹತ್ತಲಿಲ್ಲ. ಅಕ್ಕ ಮಾತ್ರ ಶೃಂಗೇರಿ ಕಡೆಯ ಬಸ್ಸಿನ ಹಾರನ್ ಕೇಳಿದಾಗೆಲ್ಲ ಬಾಗಿಲ ಹತ್ತಿರ ಏನೋ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಆ ಹೊತ್ತಿಗೆ ಊರಿನ ಥಿಯೇಟರಿಗೆ ಈ ಸಿನಿಮಾ ಬಂತು. ಮೊದಲ ದಿನದ ಮ್ಯಾಟ್ನಿಗೇ ಅವಳನ್ನು ಹೊರಡಿಸಿದೆ. ಅವಳ ಮೇಲಿನ ಕನಿಕರದಿಂದ ಎಂದು ಬಹಳ ವರ್ಷ ಹೇಳಿಕೊಂಡಿದ್ದೇನೆ. ನನ್ನೊಬ್ಬಳನ್ನೇ ಕಳಿಸುತ್ತಿರಲಿಲ್ಲ ಎಂಬುದೇ ಅಸಲು ಕಾರಣ.

ಹೆಂಗಸರ ಕಡೆ, ಅರ್ಧ ಗೋಡೆಯ ಪಕ್ಕದಲ್ಲಿ ಕೂತೆವು. ಅರ್ಧ ಗೋಡೆಯ ಆಚೆ ಗಂಡಸರು. ಇಂಟರ್ವಲ್ಲಿಗೆ ಮುಂಚೆ ನಾಯಕಿಗೆ ಅತ್ತೆ, ಮನೆ ಬಿಟ್ಟು ಹೋಗು ಎಂದಳು. ನಾಯಕ ಕೈಕಟ್ಟಿ ಫ್ಯಾನು ನೋಡುತ್ತ ನಿಂತ. ಅವಳು ಒಂದು ಚೀಲ ಹಿಡಿದು ಹೊರಟಳು, ಗುಡುಗಿತು, ದೀಪ ಹತ್ತಿತು. ಅಕ್ಕ ಪರದೆಯನ್ನೇ ನೋಡುತ್ತ ಕೂತಿದ್ದಳು. ಕಡಲೆ ಬೇಕಾ ಎಂದರೆ ಬೇಡ ಎಂದಳು.

ಇಂಟರ್ವಲ್ ಮುಗಿದದ್ದೇ ತಡ, ಎಲ್ಲಿದ್ದವರೋ ಎಲ್ಲರೂ ಒಂದು ಹೊಳೆಯ ದಂಡೆಯಲ್ಲಿ ಹೊಡೆದಾಡುತ್ತಿದ್ದರು. ಯಾಕೆ ಎಂದು ಯಾರಿಗೂ ತಿಳಿಯಲಿಲ್ಲ. ಖಳನಾಯಕ ಸತ್ತ. ನಾಯಕಿ ಏನೋ ಒಂದು ಉದ್ದದ ಮಾತು ಹೇಳಿ ಹೊಳೆಗೆ ಹಾರಿದಳು. ನಾಯಕ ದಂಡೆಯಲ್ಲಿ ಕುಸಿದ. ಪರದೆಯ ತುಂಬ 'ಶುಭಂ' ಎಂದು ಬಂತು. ಇಂಟರ್ವಲ್ ಆಗಿ ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಅಕ್ಕ ಎದ್ದು ನಿಂತಳು. ಅವಳ ಜೊತೆ ಅರ್ಧ ಥಿಯೇಟರೂ ಎದ್ದಿತು. ಅಷ್ಟರಲ್ಲಿ ಪರದೆಯ ಮೇಲೆ ಅದೇ ನಾಯಿ ಬಾಯಲ್ಲಿ ಕಾಗದ ಹಿಡಿದು ಓಡಿ ಬಂತು. ಎದ್ದವರೆಲ್ಲ ಮತ್ತೆ ಕೂತರು.

"ಇನ್ನೂ ಇದೆ ಕಣೆ" ಎಂದಳು ಅಕ್ಕ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ.

ಹೊಳೆಗೆ ಬಿದ್ದವಳು ಒಂದು ಆಶ್ರಮದಲ್ಲಿ ಹೂ ಕಟ್ಟುತ್ತಿದ್ದಳು. ಸತ್ತ ಖಳನಾಯಕ ಮೊಸಳೆಗೆ ಕೋಳಿ ಹಾಕುತ್ತಿದ್ದ. ನಮ್ಮ ಹಿಂದೆ ಕೂತಿದ್ದ ಹರಿಹರಪುರದ ಹೆಂಗಸೊಬ್ಬರು, "ಇವ್ನು ಅವ್ನ ತಮ್ಮ ಇರ್ಬೇಕು. ಅವ್ಳನ್ನ ಯಾರೋ ಬೆಸ್ತರು ಎತ್ತಿರ್ಬೇಕು" ಎಂದು ಎಲ್ಲರ ಅನುಮಾನವನ್ನೂ ಪರಿಹರಿಸಿದರು. ಕೊನೆಗೆ ಬಂದದ್ದು ಒಂದು ಮನೆಯ ಬಾಗಿಲು. ನಾಯಕಿ ಚೀಲ ಹಿಡಿದು ಮೆಟ್ಟಿಲ ಕೆಳಗೆ ನಿಂತಿದ್ದಾಳೆ. ನಾಯಕ ಹೊರಗೆ ಬಂದ. ಒಂದು ಮಾತೂ ಆಡಲಿಲ್ಲ. ಇಳಿದು ಬಂದು ಅವಳ ಕೈಯಿಂದ ಚೀಲ ಇಸಿದುಕೊಂಡು ಒಳಗೆ ಹೋದ. ಅವಳು ಹಿಂದೆ ಹೋದಳು. ಒಂದು ಹಾಡು. ಆಮೇಲೆ ಬರೀ ಬಿಳಿ ಪರದೆ. ಶುಭಂ ಆಗಲೇ ಬಂದು ಹೋಗಿದ್ದರಿಂದ ಮತ್ತೇನೂ ಬರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅಕ್ಕ ಚೀಲ ತುಂಬಿಕೊಂಡು ಶೃಂಗೇರಿ ಬಸ್ಸು ಹತ್ತಿದಳು. ಅಪ್ಪ, "ಕರೆಯಕ್ಕೆ ಬರ್ಲಿಲ್ಲ ಅವ್ರು" ಎಂದರು. ಅಮ್ಮ ಕಣ್ಣೊರೆಸಿಕೊಂಡರು. ಅವಳು ಯಾರಿಗೂ ಏನೂ ಹೇಳಲಿಲ್ಲ. ಹದಿನೈದು ದಿನ ಬಿಟ್ಟು ನಾನು ನೆಮ್ಮಾರಿಗೆ ಹೋದಾಗ ನನ್ನೊಬ್ಬಳಿಗೇ ಹೇಳಿದಳು. "ಜಗಲಿ ಹತ್ತಕ್ಕೆ ಮುಂಚೆನೇ ಇಳಿದು ಬಂದು ಚೀಲ ಇಸ್ಕೊಂಡ್ರು ಕಣೆ. ಮಾತೇ ಆಡ್ಲಿಲ್ಲ. ಸಿನಿಮಾದಲ್ಲಿ ಹೆಂಗಿತ್ತೋ ಹಂಗೆ. ಇವ್ರು ಸಿನಿಮಾ ನೋಡಿದೋರಲ್ಲ, ಎಂಥದೂ ಅಲ್ಲ. ಆದ್ರೂ ನೋಡು."

ಭಾವ ಸಿನಿಮಾ ನೋಡಿದವರಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಟೀವಿ ಬಂದ ಮೇಲೂ ಅವರು ಅಡಿಕೆ ದರ ಬರುವಾಗ ಮಾತ್ರ ಒಳಗೆ ಬರುತ್ತಿದ್ದರು. ಆಮೇಲಿನ ನಲವತ್ತು ವರ್ಷ ಅವರಿಬ್ಬರೂ ಎಲ್ಲರಂತೆ ಸಂಸಾರ ಮಾಡಿದರು. ಅಕ್ಕ ಮಾತಾಡಿದಳು, ಭಾವ ಹೂಂಗುಟ್ಟಿದರು. ಜಗಳ ಯಾವುದರಿಂದಲೇ ಶುರುವಾಗಲಿ, ಅಕ್ಕ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಒಂದೇ ಜಾಗಕ್ಕೆ. "ಮೂರು ತಿಂಗಳು. ಒಂದೇ ಒಂದ್ಸಲ ಕೊಪ್ಪದ ಬಸ್ ಹತ್ತಕ್ಕೆ ಆಗ್ಲಿಲ್ಲ ನಿಮ್ಗೆ." ಭಾವ ಎದ್ದು ಕೊಟ್ಟಿಗೆ ಕಡೆ ಹೋಗುತ್ತಿದ್ದರು. ಅವಳ ನೋವು ಹಳೆಯದಾಗಿತ್ತು, ಕಡಿಮೆಯಾಗಿರಲಿಲ್ಲ. ಭಾವನ ಮೇಲೆ ನನಗೂ ಒಳಗೊಳಗೇ ಸಿಟ್ಟಿತ್ತು. ಮೌನದ ಬಗ್ಗೆ ಭಾಷಣ ಮಾಡುವವಳಾದರೂ, ಮನೆಯಲ್ಲಿ ಮಾತಾಡದವರನ್ನು ಕಂಡರೆ ನನಗೆ ಆಗುವುದಿಲ್ಲ.

ಅಕ್ಕ ತಂಗಿಯರ ನಡುವೆ ಮಾತ್ರ ಆ ಸಿನಿಮಾ ಒಂದು ಮಾತಾಗಿ ಉಳಿಯಿತು. ಮುಗಿಯಿತು ಎಂದುಕೊಂಡದ್ದು ಮುಗಿಯದಿದ್ದಾಗ, "ಶುಭಂ ಆಯ್ತು, ಇನ್ನೂ ಇದೆ ಕಣೆ" ಎನ್ನುತ್ತೇವೆ. ಅವಳ ಹೆರಿಗೆಯಲ್ಲಿ ಅಂದಿದ್ದೇವೆ, ಅಪ್ಪನ ಆಸ್ಪತ್ರೆಯಲ್ಲಿ ಅಂದಿದ್ದೇವೆ. ಈಗ ನನ್ನ ನಿವೃತ್ತಿಗೆ ಇನ್ನೂ ಉಳಿದ ವರ್ಷಗಳಿಗೂ ಅದನ್ನೇ ಅನ್ನುತ್ತೇವೆ.

ಆ 'ಇನ್ನೂ ಇದ್ದದ್ದು' ಮೂರು ಡಬ್ಬ ರೀಲು ಎಂದು ಗೊತ್ತಾದದ್ದು ಬಹಳ ತಡವಾಗಿ. ಥಿಯೇಟರು ಮುಚ್ಚಿ, ಕಟ್ಟಡ ಕೆಡಹುವ ಹೊತ್ತಿಗೆ ಸುಮ್ಮನೆ ನೋಡಲು ಹೋಗಿದ್ದೆ. ಆಪರೇಟರ್ ಶೇಷಪ್ಪನವರು ಒಳಗಿನಿಂದ ಸಾಮಾನು ಸಾಗಿಸುತ್ತಿದ್ದರು. ಸಿನಿಮಾ ಹೆಸರು ಹೇಳಿ, ಶುಭಂ ಮಧ್ಯದಲ್ಲೇ ಬಂತಲ್ಲ ಎಂದೆ. ಅವರು ತಲೆಯ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡರು.

"ಅದು ನನ್ನ ತಪ್ಪು ಮೇಡಮ್ಮೋರೆ. ಒಂಬತ್ತು ಡಬ್ಬದ ಸಿನಿಮಾ. ಹಿಂದಿನ ಊರಿನೋರು ಕನ್ನಡ ಅಂಕಿ ಬರ್ದಿದ್ರು. ಒಂದು ಡಬ್ಬದ ಬುಡ ತುಕ್ಕು ಹಿಡ್ದಿತ್ತು, ರೀಲು ಬೇರೆ ಡಬ್ಬಕ್ಕೆ ಹಾಕಿ ನಂಬರ್ ನೋಡಿ ಬರ್ದೆ. ಇದ್ದಿದ್ದು ಆರು, ನಂಗೆ ಒಂಬತ್ತು ಅಂತ ಕಂಡಿತ್ತು. ಆಮೇಲೆ ನೋಡಿದ್ರೆ ಒಂಬತ್ತು ಎರಡಾಗ್ಯದೆ, ಆರೇ ಇಲ್ಲ. ಎರಡ್ರಲ್ಲಿ ಒಂದನ್ನ ಆರು ಮಾಡ್ದೆ. ಸರಿಯಾಗಿದ್ದ ಒಂಬತ್ತನ್ನೇ ಆರು ಮಾಡ್ಬಿಟ್ಟೆ."

ಹಾಗೆ ಕೊನೆಯ ಡಬ್ಬ ಇಂಟರ್ವಲ್ ಆದ ಕೂಡಲೇ ಓಡಿತು, ಆರನೆಯದು ಕೊನೆಗೆ ಬಂತು. ನಿಜವಾದ ಕಥೆಯಲ್ಲಿ ನಾಯಕಿ ಹೊಳೆಗೆ ಹಾರಿ ಸಾಯುತ್ತಾಳೆ, ಅಷ್ಟೇ. ಚೀಲ ಇಸಿದುಕೊಳ್ಳುವುದು ಅವಳು ಮನೆ ಬಿಟ್ಟು ಹೋದ ಮೇಲೆ ನಾಯಕ ನೆನಪು ಮಾಡಿಕೊಳ್ಳುವ ಹಳೆಯ ದೃಶ್ಯ. ಶೇಷಪ್ಪನವರು ಅದೇ ಸಂಜೆಯ ಆಟಕ್ಕೆ ಎಲ್ಲ ಸರಿಮಾಡಿ ಓಡಿಸಿದರಂತೆ. ಮ್ಯಾಟ್ನಿ ನೋಡಿದವರ ಮಾತು ಕೇಳಿ ಬಂದಿದ್ದ ಹೆಂಗಸರು ಅವಳು ಸತ್ತಳೆಂದು ಸಿಟ್ಟಾಗಿ ಬಾಗಿಲಲ್ಲಿ ನಿಂತು ಬೈದರಂತೆ. ಮಾರನೇ ದಿನದಿಂದ ಮ್ಯಾನೇಜರೇ, ಮೊದಲಿನ ಹಾಗೇ ಹಾಕು, ಶುಭಂ ಮಾತ್ರ ಕತ್ತರಿಸಿ ಕೊನೆಗೆ ಅಂಟಿಸು ಎಂದರಂತೆ. "ಶುಭಂ ಮಧ್ಯ ಬಂದಿದ್ದು ಆ ಒಂದೇ ಆಟದಲ್ಲಿ" ಎಂದು ಶೇಷಪ್ಪನವರು ಹೇಳಿ, ಮೂಲೆಯಲ್ಲಿ ಉಳಿದಿದ್ದ ಅದೇ ಬುಡ ತುಕ್ಕಿನ ಆರನೇ ಡಬ್ಬವನ್ನು ನನ್ನ ಕೈಗಿಟ್ಟರು. ಬುಡಕ್ಕೆ ಬೆಸುಗೆ ಹಾಕಿಸಿ ಹಪ್ಪಳ ತುಂಬಿದೆ.

ಅಕ್ಕನಿಗೆ ಮಾತ್ರ ಹೇಳಲಿಲ್ಲ. ಹೇಗೆ ಹೇಳುವುದು? ನೀನು ನಂಬಿ ಬಸ್ಸು ಹತ್ತಿದ್ದು ಒಂದು ಅಂಕಿಯ ತಪ್ಪನ್ನು ಎಂದೇ? ಅವಳ ಒಂದು ಇಡೀ ಸಂಸಾರ ಆ ಬೆಳಗಿನ ಬಸ್ಸಿನಿಂದ ಶುರುವಾಗಿತ್ತು. ಅದನ್ನು ಅಲ್ಲಾಡಿಸುವ ಧೈರ್ಯ ನನಗಿರಲಿಲ್ಲ.

ಹೋದ ವಾರ ಅಕ್ಕನ ಸೊಸೆ ಸೌಮ್ಯ ಒಂದು ಲಿಂಕ್ ಕಳಿಸಿದಳು. 'ಚಿಕ್ಕಮ್ಮ, ಅತ್ತೆ ಯಾವಾಗ್ಲೂ ಹೇಳೋ ಸಿನಿಮಾ ಇದೇನಾ? ಭಾನುವಾರ ಬನ್ನಿ, ಒಟ್ಟಿಗೆ ನೋಡ್ಬೇಕಂತೆ.' ಅದೇ. ವಿಗ್ಗು, ಮೊಸಳೆ, ನಾಯಿ ಎಲ್ಲ ಇತ್ತು. ಡಬ್ಬಗಳು ಮಾತ್ರ ಸರಿಯಾದ ಕ್ರಮದಲ್ಲಿದ್ದವು. ನೋಡಲು ಇನ್ನೂ ಕೆಟ್ಟದಾಗಿತ್ತು. ಶನಿವಾರವೆಲ್ಲ ಕೂತು ಯಾವ ನಿಮಿಷದಲ್ಲಿ ಏನು ಬರುತ್ತದೆ ಎಂದು ಚೀಟಿಯಲ್ಲಿ ಗುರುತು ಹಾಕಿಕೊಂಡೆ. ಇಂಟರ್ವಲ್ ಆದೊಡನೆ ಹೆಬ್ಬೆರಳಿನಿಂದ ಕೊನೆಗೆ ಎಳೆಯುವುದು, ಶುಭಂ ಬಂದ ಮೇಲೆ ಹಿಂದಕ್ಕೆ ಬರುವುದು, ಚೀಲದ ದೃಶ್ಯವನ್ನು ಕೊನೆಗೆ ಹಾಕುವುದು. ಈ ವಯಸ್ಸಿನಲ್ಲಿ ಶೇಷಪ್ಪನವರ ಕೆಲಸ ನನಗೆ ಬಂತು.

ಭಾನುವಾರ ಡಬ್ಬದ ಸಮೇತ ಹಪ್ಪಳ ಹಿಡಿದು ನೆಮ್ಮಾರಿಗೆ ಹೋದೆ. ಸೌಮ್ಯ ಊಟ ಬಡಿಸಿ, ಮಗುವನ್ನು ಮಲಗಿಸಲು ಒಳಗೆ ಹೋದಳು. ಜಗಲಿಯಲ್ಲಿ ಫೋನನ್ನು ಆ ಡಬ್ಬಕ್ಕೇ ಒರಗಿಸಿಟ್ಟು ನಾವಿಬ್ಬರೂ ಕೂತೆವು. ಭಾವ ಸ್ವಲ್ಪ ದೂರದಲ್ಲಿ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅಕ್ಕನಿಗೆ ಮೊಸಳೆ ನೋಡಿ ನಗು ತಡೆಯಲಾಗಲಿಲ್ಲ. "ಎಂಥ ಸಾವು ಮಾರಾಯ್ತಿ, ಇದನ್ನ ನಾವು ಬಾಯಿ ಬಿಟ್ಕೊಂಡು ನೋಡಿದ್ವನಾ?" ಎಂದಳು. ನಾಯಕಿ ಚೀಲ ಹಿಡಿದು ಹೊರಟಾಗ ಮಾತ್ರ ನಗಲಿಲ್ಲ. ಗುಡುಗಿತು. ನಾನು ಚೀಟಿ ನೋಡಿ, "ಜಾಹೀರಾತು ಬಂತು" ಎಂದು ಸುಳ್ಳು ಹೇಳಿ ಹೆಬ್ಬೆರಳು ಎಳೆದೆ. ಹೊಳೆ ದಂಡೆ ಬಂತು. ಹೊಡೆದಾಟ, ಉದ್ದದ ಮಾತು, ಹಾರಿದ್ದು. ಅಂಗೈಯಷ್ಟು ಪರದೆಯಲ್ಲಿ ಶುಭಂ ಎಂದು ಬಂತು.

"ಇಲ್ಲೇ ನೀನು ಎದ್ದು ನಿಂತಿದ್ದು."

ಹೇಳಿದ್ದು ಭಾವ. ಅವರೆಕಾಯಿಯ ಮೇಲಿನ ಕಣ್ಣನ್ನು ಅವರು ಎತ್ತಿರಲಿಲ್ಲ.

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಅವರ ಕಡೆ ತಿರುಗಿದಳು. "ಎಂತ ಹೇಳಿದ್ರಿ?"

"ಶುಭಂ ಬಂದಾಗ ನೀನು ಎದ್ದೆ. ನಾಯಿ ಬಂತು. ಮತ್ತೆ ಕೂತೆ."

"ನೀವೆಲ್ಲಿದ್ರಿ?"

"ಹಿಂದೆ. ಕಂಬದ ಹತ್ರ. ಗಂಡಸ್ರ ಕಡೆ."

ಭಾವ ಒಂದೊಂದೇ ಮಾತನ್ನು ಕಾಳಿನ ಹಾಗೆ ಬಿಡಿಸಿ ಇಟ್ಟರು. ಕರೆದುಕೊಂಡು ಹೋಗಲೆಂದೇ ಅವತ್ತು ಕೊಪ್ಪಕ್ಕೆ ಬಂದಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ನಾವಿಬ್ಬರೂ ಥಿಯೇಟರಿನ ಕಡೆ ಹೋಗುವುದು ಕಂಡಿತು. ಹಿಂದೆಯೇ ಬಂದರು. ದಾರಿಯಲ್ಲಿ ಕರೆಯುವುದು ಹೇಗೆಂದು ತೋಚದೆ ಟಿಕೆಟ್ ತೆಗೆದು ಒಳಗೆ ಕೂತರು.

"ಬಿಟ್ಟ ಮೇಲಾದ್ರೂ ಮಾತಾಡ್ಸ್‌ಬೋದಿತ್ತಲ್ಲ?" ಎಂದಳು ಅಕ್ಕ.

"ನೀನು ನಗಾಡ್ತಾ ಹೊರಗೆ ಬಂದೆ. ಇವ್ಳ ಜೊತೆ. ಖುಷಿಯಾಗಿದ್ದಿ. ಬಸ್ಸಿಗೂ ಹೊತ್ತಾಗಿತ್ತು."

"ನಲವತ್ತು ವರ್ಷ ಬೈಸ್ಕೊಂಡ್ರಿ. ಬಂದಿದ್ದೆ ಅಂತ ಒಂದು ಮಾತು ಹೇಳಕ್ಕೆ ಎಂತ ಆಗಿತ್ತು ನಿಮ್ಗೆ?"

"ಬಂದು, ಕರೀದೆ ವಾಪಸ್ ಹೋದೆ ಅಂತ ಹೇಳದಾ?"

ಅಕ್ಕ ನಾನು ಯಾವತ್ತೂ ಕೇಳದಷ್ಟು ಸಣ್ಣ ಧ್ವನಿಯಲ್ಲಿ ಕೇಳಿದಳು. "ಹಂಗಾರೆ ಮಾರನೇ ದಿನ ಚೀಲ ಇಸ್ಕೊಂಡಿದ್ದು ಸಿನಿಮಾ ನೋಡಿನಾ?"

ಭಾವ ಮೊರವನ್ನು ಪಕ್ಕಕ್ಕಿಟ್ಟರು.

"ನೀನು ಬಂದು ನಿಂತಾಗ ಎಂತ ಮಾಡ್ಬೇಕು ಅಂತ ನಂಗೆ ಮತ್ತೆ ಯಾರು ಹೇಳಿಕೊಟ್ಟಿದ್ರು?"

ಆ ಮೂರು ಡಬ್ಬ ನಾವು ಅವತ್ತು ನೋಡಲಿಲ್ಲ. ಫೋನಿನ ಪರದೆ ತಾನಾಗಿಯೇ ಕಪ್ಪಾಯಿತು. ಅಕ್ಕ ಎದ್ದು ಹೋಗಿ ಮೊರದ ಇನ್ನೊಂದು ಕಡೆ ಕೂತು ಕಾಯಿ ಸುಲಿಯತೊಡಗಿದಳು. ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ, ಹಾಗೇ ಬಿಟ್ಟಳು. ನಾನು ಚೀಟಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಆರು ಒಂಬತ್ತರ ವಿಷಯ ಹೇಳಬೇಕೆಂದು ಒಮ್ಮೆ ಬಾಯಿಗೆ ಬಂತು, ಹೇಳಲಿಲ್ಲ. ಮೂರೂವರೆಯ ಬಸ್ಸಿಗೆ ಹೊರಟಾಗ ಭಾವ ರಸ್ತೆಯವರೆಗೆ ಬಂದರು. ಖಾಲಿ ಡಬ್ಬವನ್ನು ನನ್ನ ಕೈಯಿಂದ ಇಸಿದುಕೊಂಡು ಅವರೇ ಹಿಡಿದುಕೊಂಡರು. ನಾನು ಇಷ್ಟು ವರ್ಷ ಅವರ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ನೆನೆದು ನಾಚಿಕೆಯಾಯಿತು.

ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಬಳಗದವರಿಗೆ ಸಂದೇಶ ಬರೆದೆ. ಈ ಎರಡನೇ ಶನಿವಾರದ ಚಿತ್ರ ಬದಲಾಗಿದೆ, ಇದೊಂದು ಅತಿ ಕೆಟ್ಟ ಸಿನಿಮಾ, ಇದರಲ್ಲಿ ಒಂದು ಮೊಸಳೆ ಇದೆ, ದಯವಿಟ್ಟು ಬನ್ನಿ. ಶುಭಂ ಬಂದಾಗ ಯಾರೂ ಎದ್ದು ಹೋಗಬಾರದು ಎಂದೂ ಸೇರಿಸಿದೆ. ಇಬ್ಬರು ಹೆಬ್ಬೆರಳು ಎತ್ತಿದ್ದಾರೆ, ಉಳಿದವರು ಇನ್ನೂ ಯೋಚಿಸುತ್ತಿರಬಹುದು. ಸುಸ್ತು ಏನೂ ಹೋಗಿಲ್ಲ, ಮಂಡಿ ನೋವೂ ಇದೆ. ಡಬ್ಬ ಮತ್ತೆ ಹಪ್ಪಳ ತುಂಬಿಕೊಂಡು ಅಡುಗೆಮನೆಯ ಅಟ್ಟದಲ್ಲಿದೆ. ನಿನ್ನೆ ಪಕ್ಕದ ಮನೆಯವರು ಹಪ್ಪಳ ಕೇಳಲು ಬಂದು, ಮುಚ್ಚಳ ನೋಡಿ, ಇದು ಆರೋ ಒಂಬತ್ತೋ ಎಂದು ಕೇಳಿದರು.

ಒಂಬತ್ತು ಎಂದೆ.